ಸಂಖೇಡಾದಲ್ಲಿ ಕಂಡ ಚನ್ನಪಟ್ಟಣ

ನಾವಿರುವ ಸೂರತ್‌ನ ಕತಾರ್‌ಗಾಮ್‌ನಲ್ಲಿ ಹಗಲೆಲ್ಲ ತಿರುಗುವುದು ವಜ್ರ ಉಜ್ಜುವ ಚಕ್ರ. ಇಲ್ಲಿಯವರ ಮಾತಲ್ಲಿ ‘ಘಂಟಿ’. ಮರ ತಿರುಗುವುದನ್ನು ನೋಡಬೇಕಾದರೆ ವಡೋದರಾ ದಾಟಿ ಸಂಖೇಡಾಕ್ಕೆ ಹೋಗಬೇಕು. ಅಲ್ಲಿಯ ಖರಾದಿಗಳು ತೇಗ ಕಡೆದು ತೊಟ್ಟಿಲು, ಉಯ್ಯಾಲೆ ಮಾಡುತ್ತಾರೆ. ನಮ್ಮ ಚನ್ನಪಟ್ಟಣದ ಬೊಂಬೆಗೆ ಆಲೆಮರ. ಹೊಳಪು ಮಾತ್ರ ಎರಡೂ ಕಡೆ ಅರಗಿನದೇ.

ಹಸಿ ಮರ ಉಳಿಗೆ ಬೆಣ್ಣೆಯ ಹಾಗೆ. ಆದರೆ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ದುಂಡಗೆ ಕಡೆದದ್ದು ಮೊಟ್ಟೆಯಾಕಾರವಾಗುತ್ತದೆ, ಕೂಡಿಸಿದ ಕಾಲು ಸಡಿಲವಾಗುತ್ತದೆ. ಅದಕ್ಕೇ ಮರ ಒಣಗುವವರೆಗೆ ಕಾಯಬೇಕು.

ಇಲ್ಲೇ ಹುಟ್ಟಿ ಗುಜರಾತಿಯಲ್ಲೇ ಜಗಳವಾಡುವ ಮಗಳು ಅಲ್ಲೊಂದು ತೊಟ್ಟಿಲ ಕಾಲು ಸವರಿ, “ಅಜ್ಜಿ ಮನೆ ಬೊಂಬೆ ಥರಾನೇ ನುಣ್ಣಗಿದೆ” ಅಂದಳು, ಕನ್ನಡದಲ್ಲಿ. ಈ ಕಡೆ ಇರುವವರು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ.