ಹೆಳವರ ಹೊತ್ತಿಗೆಯಲ್ಲಿ ಮಗಳೆಲ್ಲಿ?

ನಾಡಕಚೇರಿಯ ವಂಶವೃಕ್ಷಕ್ಕೆ ಅಜ್ಜ, ಅಪ್ಪ, ಮಕ್ಕಳು ಇಷ್ಟಿದ್ದರೆ ಸಾಕು. ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆ ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರ ಹೊತ್ತಿಗೆ ಹಾಗಲ್ಲ. ಸುಗ್ಗಿ ಮುಗಿದ ಮೇಲೆ ಅವರು ಎತ್ತಿನೊಂದಿಗೆ ಗಂಟೆ ಬಾರಿಸುತ್ತ ಬಂದು, ಕಟ್ಟೆ ಮೇಲೆ ಕೂತು ಓದತೊಡಗಿದರೆ ಮೂಲಪುರುಷ ಯಾರು, ಕುಲದ ಬೆಡಗು ಯಾವುದು, ಯಾವ ಊರು ಬಿಟ್ಟು ಬಂದವರು, ಎಲ್ಲ ಹೊರಬೀಳುತ್ತದೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಬರೆದುಕೊಂಡು, ಜೋಳವನ್ನೋ ದುಡ್ಡನ್ನೋ ಇಸಕೊಂಡು ಮುಂದಿನ ಮನೆಗೆ.

ಆದರೆ ಆ ಸಾಲು ಹೆಚ್ಚಾಗಿ ಗಂಡುಮಕ್ಕಳದ್ದೇ. ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳ ಜಾಡು ಬೇಕಿದ್ದರೆ ಹಿರಿಯಜ್ಜಿಯನ್ನೇ ಕೇಳಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ. ಈ ಸಲ ಹೆಳವರು ಬಂದರೆ ಮಗಳ ಹೆಸರನ್ನೂ ಬರೆಸಿಬಿಡಿ. ಒಂದು ಸೇರು ಜೋಳ ಹೆಚ್ಚಿಗೆ ಹೋದರೆ ಹೋಗಲಿ!