ಒಗರು ಮಾಗುವ ತನಕ

ಗೆಜ್ಜಲಗೆರೆಯಲ್ಲಿ ಸಂಜೆ ಏಳು ಗಂಟೆ. ಡೈರಿಯಿಂದ ಹೊರಟ ಹಾಲಿನ ಟ್ಯಾಂಕರ್ ಹಳೆಯ ಬೆಂಗಳೂರು–ಮೈಸೂರು ರಸ್ತೆಗೆ ತಿರುಗುವ ಸದ್ದು ನಮ್ಮ ಮಹಡಿಗೂ ಕೇಳುತ್ತಿದೆ. ಕೆಳಗೆ ಬಂಡೂರು ಕುರಿಯ ಮಾಂಸ ಬೇಯುತ್ತಿದೆ. ಮೇಜಿನ ಮೇಲೆ ಎರಡು ಬಾಟಲಿ, ಎರಡೂ ಗ್ರೋವರ್ ಜಂಪಾದ ಲಾ ರಿಸರ್ವ್ ಕೆಂಪು ವೈನು. ಒಂದು ಹೊಸದು. ಇನ್ನೊಂದು ಬೆಂಗಳೂರಿನ ಭಾವನ ಮನೆಯ ವೈನ್ ಕೂಲರಿನಲ್ಲಿ ಕೆಲವು ವರ್ಷ ಮಲಗಿದ್ದು ಬಂದದ್ದು.

ಮೊದಲು ಹೊಸದನ್ನು ಲೋಟದ ಕಾಲುಭಾಗ ಬಗ್ಗಿಸುತ್ತೇನೆ. ಬಿಳಿ ಹಾಳೆಯ ಮೇಲೆ ಲೋಟ ವಾಲಿಸಿದರೆ ಅಂಚಿನವರೆಗೂ ಕಡುನೇರಳೆ. ಆಚೆಯ ಬೆರಳು ಕಾಣುವುದಿಲ್ಲ. ಊರಿನ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ ಮಾವ ಬಣ್ಣ ನೋಡುವುದೇ ಇಲ್ಲ, ನೇರ ಮೂಗಿಗೆ ಹಿಡಿಯುತ್ತಾರೆ. “ಮೊದ್ಲು ಮೂಸ್ಬೇಕು ಕಣಪ್ಪ. ಕೆಟ್ಟ ಹಾಲು ಕ್ಯಾನ್ ಮುಚ್ಚಳ ತೆಗೆದಾಗ್ಲೇ ಗೊತ್ತಾಗೋಗ್ತದೆ.”

ಅವರು ಹೇಳುವುದು ಸರಿ. ಮೊದಲು ಬರುವುದು ನೇರಳೆ ಹಣ್ಣು, ಬೆನ್ನಿಗೇ ಕಾಳುಮೆಣಸು. ಅದು ಶಿರಾಜ್ ದ್ರಾಕ್ಷಿಯ ಗುಣ. ಲೋಟ ತಿರುಗಿಸಿದರೆ ದಪ್ಪಮೆಣಸಿನಕಾಯಿಯ ಹಸಿರು ವಾಸನೆ ಎಳೆಯಾಗಿ ಏಳುತ್ತದೆ, ಅದು ಜೊತೆಗೆ ಬೆರೆತ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯದು. ತಳದಲ್ಲಿರುವ ಲವಂಗ, ಸುಟ್ಟ ಮರದ ವಾಸನೆ ಫ್ರೆಂಚ್ ಓಕ್ ಪೀಪಾಯಿಯದು.

ಗುಟುಕು ಬಾಯಿಗೆ ಬಿತ್ತು. ಸಿಹಿ ಇಲ್ಲವೇ ಇಲ್ಲ. ಒಸಡನ್ನು ಹಿಡಿದು ಎಳೆಯುವ ಒಗರು. “ಎಳೇ ಬಾಳೆಕಾಯಿ ಕಚ್ಚಿದಂಗೈತಲ್ಲ!” ಎಂದು ಮಾವ ಮುಖ ಕಿವಿಚುತ್ತಾರೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನಿಗೆ ಒಗ್ಗಿದವರು ಇಲ್ಲೇ ಲೋಟ ಕೆಳಗಿಡುತ್ತಾರೆ. ಇಡಬಾರದು. ಈ ಒಗರು ಟ್ಯಾನಿನ್. ಸಿಪ್ಪೆ, ಬೀಜ, ಪೀಪಾಯಿಯ ಮರದಿಂದ ಇಳಿದು ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿಯುತ್ತದೆ, ಅದಕ್ಕೇ ಬಾಯಿ ಒಣಗುವುದು. ವೈನು ವರ್ಷಗಟ್ಟಲೆ ಕೆಡದೆ ಬಾಳುವುದು ಇದರಿಂದ ಮತ್ತು ಹುಳಿಯಿಂದ. ನಮ್ಮ ಬಿಸಿಲಿಗೆ ದ್ರಾಕ್ಷಿಯ ಹುಳಿ ಬೇಗ ಇಳಿದುಹೋಗುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ತೋಟದ ಎತ್ತರ ಮತ್ತು ರಾತ್ರಿಯ ತಂಪು ಅದನ್ನು ಸ್ವಲ್ಪ ಕಾಯುತ್ತವೆ. ಅಲ್ಲಿ ಬಳ್ಳಿಗೆ ಯುರೋಪಿನಂತೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆ ಎರಡು ಸಲ ಸವರಿ ಒಂದೇ ಫಸಲು ತೆಗೆಯುತ್ತಾರೆ. ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ ಈ ಸಂಸ್ಥೆಗೆ ಬೋರ್ಡೋದ ವೈನ್ ತಜ್ಞ ಮಿಷೆಲ್ ರೋಲಾನ್ ಸಲಹೆಗಾರರಾದದ್ದು ಈ ಹವೆಯಲ್ಲೂ ಗಟ್ಟಿ ಕೆಂಪು ವೈನು ಸಾಧ್ಯ ಎಂಬ ನಂಬಿಕೆಯಿಂದಲೇ ಇರಬೇಕು.

ಒಗರು, ಹುಳಿ ಇದ್ದರೆ ಸಾಲದು. ನುಂಗಿದ ಮೇಲೂ ಹಣ್ಣು ಬಾಯಲ್ಲಿ ಉಳಿಯಬೇಕು. ಹಣ್ಣು ತೆಳ್ಳಗಿದ್ದು ಒಗರು ಜೋರಾಗಿದ್ದರೆ ಎಷ್ಟು ವರ್ಷ ಇಟ್ಟರೂ ಉಳಿಯುವುದು ಒಗರೊಂದೇ. ಇದರಲ್ಲಿ ನೇರಳೆಯ ರುಚಿ ನಿಧಾನವಾಗಿ, ಬಹಳ ಹೊತ್ತು ನಿಲ್ಲುತ್ತದೆ.

ಈಗ ಹಳೆಯದು. ಗಸಿ ತಳ ಸೇರಲೆಂದು ಬೆಳಗ್ಗೆಯಿಂದ ನೆಟ್ಟಗೆ ನಿಲ್ಲಿಸಿದ್ದೆವು. ಬಗ್ಗಿಸಿದರೆ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಒಣ ಅಂಜೂರ, ಹೊಗೆಸೊಪ್ಪಿನ ಘಮ. ಒಗರು ಇದೆ, ಆದರೆ ಒಸಡು ಬಿಟ್ಟು ನಾಲಗೆಯ ಮೇಲೆ ಮೆತ್ತಗೆ ಹರಡಿದೆ. “ಇದು ಕುಡಿಯೋ ಹಂಗೈತೆ,” ಎಂದು ಮಾವ ಮತ್ತೊಂದು ಗುಟುಕು ತೆಗೆದುಕೊಳ್ಳುತ್ತಾರೆ. ನನಗೋ ಕೊನೆಯಲ್ಲಿ ಹಣ್ಣು ತುಸು ಸೋತಂತೆ ಕಾಣುತ್ತದೆ. ಇದು ಇನ್ನು ಕಾಯುವ ಬಾಟಲಿಯಲ್ಲ.

ಅಷ್ಟರಲ್ಲಿ ಮುದ್ದೆ, ಸಾರು ಬಂತು. ಸಾರಿನ ಖಾರದೊಡನೆ ಎರಡೂ ವೈನು ಬಾಯಿ ಉರಿಸುತ್ತವೆ. ಕೊಬ್ಬಿರುವ ಮಾಂಸದ ತುಂಡು ಅಗಿದು ಹೊಸದನ್ನು ಗುಟುಕರಿಸಿದಾಗ ಮಾತ್ರ ಟ್ಯಾನಿನ್‌ಗೆ ಹಿಡಿಯಲು ಬೇರೆ ಪ್ರೋಟೀನ್ ಸಿಕ್ಕಿ, ಅಷ್ಟು ಹೊತ್ತಿನ ಒಗರು ಕರಗಿ ಹಣ್ಣು ಮುಂದೆ ಬರುತ್ತದೆ. ಮಾವ ಮಾತಿಲ್ಲದೆ ಹೊಸ ಬಾಟಲಿಯನ್ನು ತಮ್ಮ ಕಡೆ ಎಳೆದುಕೊಂಡರು.

ಕೊಳ್ಳುವುದಾದರೆ ಎರಡು ಕೊಳ್ಳಿ. ಒಂದನ್ನು ಖಾರ ಕಡಿಮೆ ಮಾಡಿದ ಮಟನ್ ಜೊತೆ ಈಗಲೇ ಕುಡಿಯಿರಿ. ಇನ್ನೊಂದನ್ನು ಹನ್ನೆರಡರಿಂದ ಹದಿನೈದು ಡಿಗ್ರಿ ತಂಪಿನಲ್ಲಿ, ಬೆಳಕು ಬೀಳದ ಕಡೆ ಐದು ವರ್ಷ ಇಡಿ. ಅಂಥ ಜಾಗವಿಲ್ಲದಿದ್ದರೆ ಮಂಡ್ಯದ ಬೇಸಿಗೆಯಲ್ಲಿ ಬೀರುವಿನೊಳಗೆ ಮಾತ್ರ ಇಡಬೇಡಿ.