ಪಯಣಿಗನ ಸಾಲ

ಪ್ರವಾಸ ಬರೆಹದಲ್ಲಿ 30 ವರ್ಷ ಕಳೆದು ನಾವು ಹುಟ್ಟೂರು ಬಿ.ಜಿ. ಕೆರೆಗೆ ಮರಳಿದ್ದೇವೆ. ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆರೆದರೆ ಮನಸ್ಸು ತುಂಬಿ ಬರುತ್ತದೆ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಆ ಕರೆಯೇ ನಮಗೆ ವೃತ್ತಿಯೂ ಆದದ್ದು ಅಲ್ಲಾಹನ ಅನುಗ್ರಹ.

ಈ ದಾರಿಯಲ್ಲಿ ನಮ್ಮ ಗುರು ಇಬ್ನ್ ಬತೂತ. 1325ರಲ್ಲಿ ಮೊರಾಕ್ಕೊದ ಟ್ಯಾಂಜಿಯರ್ ಬಿಟ್ಟು ಹೊರಟ ಅವರು ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುದನ್ನೂ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದುದನ್ನೂ ದಾಖಲಿಸಿದರು. ಊರಿಗಿಂತ ಮೊದಲು ಮನುಷ್ಯರನ್ನು ಕಾಣುವ ಕಣ್ಣು ಅದು.

ನಮಗೆ ಆ ಕಣ್ಣು ತಡವಾಗಿ ತೆರೆಯಿತು. ನಮ್ಮ ಮೊದಲ ಲೇಖನ ಇದೇ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಕುರಿತು. 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನವನ್ನು ಬೆಳಕಿಗೆ ತಂದದ್ದು, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದು, ಎಲ್ಲವನ್ನೂ ಬರೆದೆವು. “ಬಿಸ್ಲಾಗೆ ದಣಿದೀಯ, ಕುಂತ್ಕಳಪ್ಪಾ” ಎಂದು ಜಗಲಿಗೆ ಕರೆದು ರೊಟ್ಟಿ, ಮಜ್ಜಿಗೆ ಕೊಟ್ಟ ಅಜ್ಜಿಯನ್ನು ಮಾತ್ರ ಬರೆಯಲಿಲ್ಲ, ಹೆಸರನ್ನೂ ಕೇಳಲಿಲ್ಲ. ಜೀವಿಗಳಲ್ಲಿ ದಯೆಯಿರಬೇಕೆಂಬುದು ಆ ಶಾಸನದ ಬೋಧೆ. ಬಂಡೆಯ ಮೇಲಿನ ದಯೆಯನ್ನು ಓದಿದ ನಾವು ಎದುರಿಗಿದ್ದ ದಯೆಯನ್ನು ಓದದೆ ಬಂದೆವು.

ಕಳೆದ ತಿಂಗಳು ಮತ್ತೆ ಹೋದೆವು. ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಮೊಮ್ಮಗನಿಂದ ಹೆಸರು ಕೇಳಿ, ಹಳೆಯ ಪುಸ್ತಕದ ಅದೇ ಪುಟದ ಅಂಚಿನಲ್ಲಿ ಬರೆದುಕೊಂಡೆವು. ಜನರಿಗೆ ಕೃತಜ್ಞರಾಗದವರು ಅಲ್ಲಾಹನಿಗೂ ಕೃತಜ್ಞರಾಗಲಾರರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅನ್ನವಿತ್ತ ಇನ್ನೆಷ್ಟೋ ಮನೆಗಳ ಸಾಲ ನಮ್ಮ ಪುಟಗಳಲ್ಲಿ ಬಾಕಿಯಿದೆ. ಅದನ್ನು ತೀರಿಸುವಷ್ಟು ಆಯುಷ್ಯವನ್ನು ಅಲ್ಲಾಹನು ಕರುಣಿಸಲಿ.